ಸ್ಪ್ರೇಯರ್‌ನ ಸ್ಪೀಡ್ ಸೆನ್ಸರ್ ಹೊಂದಿಸುವುದು: ಒಂದು ಟೇಪು, ಎರಡು ಗೂಟ, ಅರ್ಧ ಟ್ಯಾಂಕು ನೀರು

ಹೋದ ಮುಂಗಾರಿನಲ್ಲಿ ಒಂದು ಸಂಜೆ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. ಮೆಕ್ಕೆಜೋಳಕ್ಕೆ ಕಸದ ಎಣ್ಣೆ (ಕಳೆನಾಶಕ) ಹೊಡೆಯಲು ಬಾಡಿಗೆಗೆ ಟ್ರ್ಯಾಕ್ಟರ್ ಬೂಮ್ ಸ್ಪ್ರೇಯರ್ ತಂದಿದ್ದ. ಬೂಮ್ ಅಂದರೆ ಸಾಲಾಗಿ ನಾಜಲ್ ಇರುವ ಉದ್ದನೆಯ ಅಡ್ಡ ತೋಳು. 600 ಲೀಟರ್ ಟ್ಯಾಂಕು. ಎಕರೆಗೆ 200 ಲೀಟರ್ ಅಂತ ಮೀಟರ್‌ಗೆ, ಅಂದರೆ ಗಾಡಿಯ ವೇಗ ನೋಡಿ ಎಷ್ಟು ಎಣ್ಣೆ ಬಿಡಬೇಕೆಂದು ನಡೆಸುವ ಪರದೆಯ ಡಬ್ಬಿಗೆ, ಹಾಕಿದ್ದ. ಒಂದು ಟ್ಯಾಂಕಿಗೆ 3 ಎಕರೆ ಆಗಬೇಕು. 2 ಎಕರೆ 28 ಗುಂಟೆಗೇ ಟ್ಯಾಂಕು ಬರಿದಾಯಿತು.

“ಅಣ್ಣಾ, ನಾಜಲ್ ಎಲ್ಲ ಹೊಸವು. ಎಲ್ಲೂ ಸೋರಿಕೆ ಇಲ್ಲ. ಮೀಟರ್ ನೋಡಿದ್ರೆ 3 ಎಕರೆ ಮುಗೀತು ಅಂತಿದೆ. ಹೊಲ ನೋಡಿದ್ರೆ ಇನ್ನೂ 12 ಗುಂಟೆ ಬಾಕಿ ಇದೆ!”

ಆ 12 ಗುಂಟೆ ಕಳೆದುಹೋದದ್ದು ಟ್ರ್ಯಾಕ್ಟರಿನ ಮುಂದಿನ ಚಕ್ರದಲ್ಲಿ. ಯಾವಾಗಲೋ ಅದಕ್ಕೆ ಸಣ್ಣ ಟೈರ್ ಹಾಕಿಸಿದ್ದರು. ಹಳೇ ಟೈರ್ ಒಂದು ಸುತ್ತಿಗೆ 2 ಮೀಟರ್ 23 ಸೆಂಟಿಮೀಟರ್ ಹೋಗುತ್ತಿತ್ತು. ಈಗಿನದು ಹೋಗುವುದು ಬರೀ 2 ಮೀಟರ್. ಮೀಟರ್ ಒಳಗೆ ಮಾತ್ರ ಹಳೇ ಟೈರಿನ ನಂಬರೇ ಕೂತಿತ್ತು. ಹಾಗಾಗಿ ಗಾಡಿ ನಿಜಕ್ಕಿಂತ ಶೇ 11ರಷ್ಟು ಜೋರಾಗಿ ಓಡುತ್ತಿದೆ ಅಂತ ಅದು ತಿಳಿದುಕೊಂಡಿತು. ಜೋರಾಗಿ ಓಡಿದರೆ ಎಣ್ಣೆಯೂ ಜಾಸ್ತಿ ಬಿಡಬೇಕು ಅಲ್ವಾ? ಬಿಟ್ಟಿತು. ಎಕರೆಗೆ 200 ಬೀಳಬೇಕಾದ ಕಡೆ 222 ಲೀಟರ್ ಬಿತ್ತು.

ಈ ತಪ್ಪು ಕಣ್ಣಿಗೆ ಕಾಣುವುದಿಲ್ಲ. ನಾಜಲ್ ಕಟ್ಟಿಕೊಂಡರೆ ಕಾಣುತ್ತದೆ, ಪೈಪು ಒಡೆದರೆ ಕಾಣುತ್ತದೆ. ಸ್ಪೀಡ್ ಸೆನ್ಸರ್ ಸುಳ್ಳು ಹೇಳಿದರೆ ಮೀಟರ್ ಎಲ್ಲ ಸರಿಯಿದೆ ಅಂತಲೇ ತೋರಿಸುತ್ತದೆ. ಅದನ್ನು ಹಿಡಿಯಲು ಟೇಪು ಹಿಡಿದು ಹೊಲಕ್ಕೇ ಇಳಿಯಬೇಕು. ಒಂದು ಬೆಳಗಿನ ಕೆಲಸ, ಅಷ್ಟೇ.

ಮೀಟರ್ ಹೇಗೆ ಲೆಕ್ಕ ಹಾಕುತ್ತದೆ

ಸಾದಾ ಬೂಮ್ ಸ್ಪ್ರೇಯರ್‌ನಲ್ಲಿ ಸೆನ್ಸರ್ ಇರುವುದಿಲ್ಲ. ಒತ್ತಡ ಒಂದೇ ಇಟ್ಟು, ಒಂದೇ ಗೇರಿನಲ್ಲಿ ಓಡಿಸುತ್ತೇವೆ. ನಿಧಾನ ಹೋದರೆ ಎಕರೆಗೆ ಜಾಸ್ತಿ ಬೀಳುತ್ತದೆ, ಜೋರು ಹೋದರೆ ಕಮ್ಮಿ ಬೀಳುತ್ತದೆ.

ಆಟೋಮ್ಯಾಟಿಕ್ ಮೀಟರ್ ಇರುವ ಗಾಡಿಯ ಕಥೆ ಬೇರೆ. ಚಕ್ರದ ಡಿಸ್ಕಿಗೆ ಸಣ್ಣ ಆಯಸ್ಕಾಂತಗಳನ್ನು ಕೂರಿಸಿರುತ್ತಾರೆ. ಕೆಲವು ಗಾಡಿಗಳಲ್ಲಿ ಬೋಲ್ಟಿನ ತಲೆಯೇ ಸಾಕು. ಎದುರಿಗೆ ಒಂದು ಸೆನ್ಸರ್ ಇರುತ್ತದೆ. ಪ್ರತಿ ಆಯಸ್ಕಾಂತ ಎದುರು ಬಂದಾಗ ಅದು ಮೀಟರ್‌ಗೆ ಒಂದು ಪಲ್ಸ್ (ಕ್ಷಣಮಾತ್ರದ ವಿದ್ಯುತ್ ಸಂಕೇತ) ಕಳಿಸುತ್ತದೆ. ಮೀಟರ್‌ಗೆ ನೆಲ ಕಾಣುವುದಿಲ್ಲ, ಟೈರೂ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ: ಎಷ್ಟು ಪಲ್ಸ್ ಬಂತು, ಒಂದು ಪಲ್ಸಿಗೆ ಎಷ್ಟು ದೂರ ಅಂತ ನೀವು ಹೇಳಿಕೊಟ್ಟಿದ್ದೀರಿ. ಆ ಎರಡನೆಯ ನಂಬರನ್ನು ಸರಿಯಾಗಿ ಹೇಳಿಕೊಡುವುದೇ ಕ್ಯಾಲಿಬ್ರೇಶನ್.

ವೇಗ ಸಿಕ್ಕ ಮೇಲೆ ಮೀಟರ್ ಮಾಡುವ ಲೆಕ್ಕವನ್ನು ನೀವೂ ಮಾಡಬಹುದು. ಒಂದು ನಾಜಲ್ ನಿಮಿಷಕ್ಕೆ ಎಷ್ಟು ಲೀಟರ್ ಬಿಡುತ್ತದೋ ಅದನ್ನು 243ರಿಂದ ಗುಣಿಸಿ. ಬಂದದ್ದನ್ನು ವೇಗದಿಂದಲೂ ನಾಜಲ್‌ಗಳ ನಡುವಿನ ಅಂತರದಿಂದಲೂ ಭಾಗಿಸಿ. ವೇಗ ಗಂಟೆಗೆ ಕಿಲೋಮೀಟರಿನಲ್ಲಿ, ಅಂತರ ಮೀಟರಿನಲ್ಲಿ ಇರಲಿ. ಬಂದ ಉತ್ತರವೇ ಎಕರೆಗೆ ಬೀಳುವ ಲೀಟರ್. ಕೆಂಪು ಬಣ್ಣದ 04 ಸೈಜಿನ ನಾಜಲ್ 3 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ 1.6 ಲೀಟರ್ ಬಿಡುತ್ತದೆ. ಅಂತರ ಅರ್ಧ ಮೀಟರ್, ವೇಗ 4 ಕಿ.ಮೀ. ಅಂದುಕೊಳ್ಳಿ. ಎಕರೆಗೆ 194 ಲೀಟರ್ ಬಂತು. 200 ಬೇಕೆಂದರೆ ಮೀಟರ್ ಒತ್ತಡವನ್ನು ಸ್ವಲ್ಪ ಏರಿಸಿಕೊಳ್ಳುತ್ತದೆ.

ಒತ್ತಡದ ವಿಷಯದಲ್ಲಿ ಒಂದು ಮಾತು. ನೀರು ಎರಡು ಪಟ್ಟು ಬೇಕೆಂದರೆ ಒತ್ತಡ ನಾಲ್ಕು ಪಟ್ಟು ಆಗಬೇಕು. ಹಾಗಾಗಿ, ಹೇಗೂ ಮೀಟರ್ ಇದೆಯಲ್ಲ ಅಂತ ವೇಗವನ್ನು 4ರಿಂದ 8 ಕಿ.ಮೀ.ಗೆ ಎಳೆದರೆ ಲೆಕ್ಕ ಸರಿ ಬಂದರೂ ಹನಿ ಮಂಜಿನಂತಾಗಿ ಪಕ್ಕದ ಹೊಲಕ್ಕೆ ಹಾರುತ್ತದೆ. ಆ ಹುಡುಗನ ಗಾಡಿಯಲ್ಲೂ ಗೇಜು ಸುಳಿವು ಕೊಟ್ಟಿತ್ತು. 3ರ ಆಸುಪಾಸು ನಿಲ್ಲಬೇಕಾದ ಮುಳ್ಳು 4ರ ಹತ್ತಿರ ನಿಂತಿತ್ತು. ಯಾಕೆ ಅಂತ ಯಾರೂ ಕೇಳಲಿಲ್ಲ.

ಹೊಲಕ್ಕೆ ಇಳಿಯುವ ಮುಂಚೆ

ಮೊದಲು ಟ್ಯಾಂಕಿನಲ್ಲಿ ಎಣ್ಣೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ತೊಳೆದು, ಅರ್ಧ ಟ್ಯಾಂಕು ಒಳ್ಳೆ ನೀರು ತುಂಬಿ. ಪೂರ್ತಿ ತುಂಬಿದರೂ ತಪ್ಪು, ಖಾಲಿ ಇಟ್ಟರೂ ತಪ್ಪು. ಭಾರ ಬಿದ್ದಾಗ ಟೈರ್ ತಳದಲ್ಲಿ ಚಪ್ಪಟೆಯಾಗುತ್ತದೆ, ಒಂದು ಸುತ್ತಿಗೆ ಹೋಗುವ ದೂರ ಕಮ್ಮಿಯಾಗುತ್ತದೆ. ಎಣ್ಣೆ ಹೊಡೆಯುವಾಗ ಟ್ಯಾಂಕು ತುಂಬಿದ್ದರಿಂದ ಶುರುವಾಗಿ ಖಾಲಿಯಾಗುತ್ತಾ ಹೋಗುತ್ತದೆ. ಅರ್ಧ ಟ್ಯಾಂಕು ಅಂದರೆ ಆ ಎರಡರ ನಡುವಿನ ಲೆಕ್ಕ. ಹಿಂದೆ ಎಳೆಯುವ ಸ್ಪ್ರೇಯರ್‌ಗೆ ಅದರ ಚಕ್ರದಲ್ಲೇ ಸೆನ್ಸರ್ ಇದ್ದರೆ ಇದು ಇನ್ನೂ ಮುಖ್ಯ.

ಟೈರಿನ ಗಾಳಿಯನ್ನು ಗೇಜು ಹಾಕಿ ನೋಡಿ. ಕಾಲಲ್ಲಿ ಒದ್ದು ನೋಡುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ, ನನಗೂ ಇತ್ತು. ಇಲ್ಲಿ ಅದು ನಡೆಯುವುದಿಲ್ಲ. ಎರಡೂ ಮುಂದಿನ ಚಕ್ರಗಳಿಗೆ ಪುಸ್ತಕದಲ್ಲಿ ಹೇಳಿರುವಷ್ಟು ಗಾಳಿ ಹಿಡಿಸಿ, ಎಷ್ಟು ಅಂತ ಬರೆದಿಟ್ಟುಕೊಳ್ಳಿ.

ಮುಂದೆ ಸೆನ್ಸರ್. ಎಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಚಕ್ರದ ಹತ್ತಿರ ಬಗ್ಗಿ. ಸೆನ್ಸರ್ ಮುಖದ ಮೇಲೆ ಕೆಸರು, ಕಬ್ಬಿಣದ ಪುಡಿ ಇದ್ದರೆ ಒರೆಸಿ. ಲೋಹವನ್ನು ಗುರುತಿಸುವ ಸೆನ್ಸರ್‌ಗೂ ಬೋಲ್ಟ್ ತಲೆಗೂ ನಡುವೆ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ಸಂದು ಇರಬೇಕು. ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿ ತೂರಿಸಿ ನೋಡಿದರೆ 3 ಮಿ.ಮೀ.ನ ಅಂದಾಜು ಸಿಗುತ್ತದೆ. ಆಯಸ್ಕಾಂತದ ಸೆನ್ಸರ್ ಆದರೆ ಸಂದು ಇನ್ನೂ ಸ್ವಲ್ಪ ಜಾಸ್ತಿ ಇದ್ದರೂ ನಡೆಯುತ್ತದೆ. ಕೆಲವು ಕಿಟ್‌ಗಳಲ್ಲಿ ಆಯಸ್ಕಾಂತಗಳನ್ನು ಒಂದು ಬಿಟ್ಟು ಒಂದು ತಿರುಗಿಸಿ ಕೂರಿಸಬೇಕು, ಕೆಲವಕ್ಕೆ ಎಲ್ಲದರ ಮುಖ ಒಂದೇ ಕಡೆ ಇರಬೇಕು. ಬಿದ್ದುಹೋದ ಒಂದನ್ನು ಮತ್ತೆ ಅಂಟಿಸುವಾಗ ಇದನ್ನು ಮರೆಯಬೇಡಿ.

ಆಮೇಲೆ ಚಕ್ರಕ್ಕೆ ಜಾಕಿ ಕೊಟ್ಟು ಎತ್ತಿ, ಕೈಯಲ್ಲಿ ನಿಧಾನ 10 ಸುತ್ತು ತಿರುಗಿಸಿ. ಬಹಳಷ್ಟು ಸೆನ್ಸರ್‌ಗಳ ಹಿಂಭಾಗದಲ್ಲಿ ಸಣ್ಣ ದೀಪ ಇರುತ್ತದೆ, ಪ್ರತಿ ಪಲ್ಸಿಗೂ ಮಿಣುಕುತ್ತದೆ. 6 ಆಯಸ್ಕಾಂತ ಇದ್ದರೆ 60 ಸಲ ಮಿಣುಕಬೇಕು. 50 ಬಂದರೆ ಒಂದು ಆಯಸ್ಕಾಂತ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. 60 ದಾಟಿದರೆ ಸೆನ್ಸರ್ ಇನ್ಯಾವುದೋ ರಿವೆಟ್ಟನ್ನೋ ವಾಲ್ವಿನ ಬಾಯನ್ನೋ ಸೇರಿಸಿ ಎಣಿಸುತ್ತಿದೆ. ಇದು ಸರಿಯಾಗದೆ ಮುಂದೆ ಹೋಗಬೇಡಿ. ಹೋದರೆ ಆ ತಪ್ಪನ್ನೇ ನಂಬರ್ ಮಾಡಿ ಮೀಟರ್‌ಗೆ ತುಂಬಿದಂತಾಗುತ್ತದೆ.

ಸೆನ್ಸರ್ ಯಾವ ಚಕ್ರದಲ್ಲಿದೆ ಅನ್ನುವುದನ್ನೂ ನೋಡಿ. ಎಂಜಿನ್ ತಿರುಗಿಸುವ ಚಕ್ರ ಜಾರುತ್ತದೆ. ಜಾರಿದ ಸುತ್ತೂ ಮೀಟರ್ ಲೆಕ್ಕದಲ್ಲಿ ದೂರವೇ. ಅದಕ್ಕೇ ಟೂ ವೀಲ್ ಡ್ರೈವ್ ಟ್ರ್ಯಾಕ್ಟರಿನಲ್ಲಿ ಸೆನ್ಸರ್ ಮುಂದಿನ ಚಕ್ರಕ್ಕೆ ಹಾಕುತ್ತಾರೆ. ಫೋರ್ ವೀಲ್ ಡ್ರೈವ್ ಆದರೆ ಎಣ್ಣೆ ಹೊಡೆಯುವಾಗ ಮುಂದಿನ ಡ್ರೈವ್ ಹಾಕುತ್ತೀರೋ ತೆಗೆಯುತ್ತೀರೋ ಮೊದಲೇ ತೀರ್ಮಾನಿಸಿ, ಹಾಗೆಯೇ ಇಟ್ಟುಕೊಂಡು ಹೊಂದಿಸಿ. ಇನ್ನೊಂದು ತೊಂದರೆ ಇದೆ. ಹಿಂದೆ 600 ಲೀಟರ್ ತೂಗುತ್ತಿದ್ದರೆ ಟ್ರ್ಯಾಕ್ಟರಿನ ಮೂತಿ ಹಗುರ ಆಗುತ್ತದೆ. ಉಬ್ಬು ತಗ್ಗಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ಮುಂದೆ ತೂಕದ ಬಿಲ್ಲೆಗಳನ್ನು ಹಾಕದಿದ್ದರೆ ಸೆನ್ಸರ್ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನ ಇಲ್ಲ. ಸ್ಟಿಯರಿಂಗ್ ಹಿಡಿತ ಹೋಗುವ ಅಪಾಯವಂತೂ ಇದ್ದೇ ಇದೆ.

100 ಮೀಟರ್ ಅಳೆಯುವುದು

ಡಾಂಬರ್ ರಸ್ತೆಯಲ್ಲಿ ಮಾಡಿ ಮುಗಿಸೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ನೆಲ ಸಮ, ಅಳೆಯಲು ಸುಲಭ. ಬೇಡ. ಟೈರ್ ಗಟ್ಟಿ ರಸ್ತೆಯ ಮೇಲೆ ಉರುಳುವುದೇ ಬೇರೆ, ಉತ್ತ ಹೊಲದಲ್ಲಿ ಅರ್ಧ ಗೇಣು ಹೂತು ಉರುಳುವುದೇ ಬೇರೆ. ಎಲ್ಲಿ ಎಣ್ಣೆ ಹೊಡೆಯುತ್ತೀರೋ ಅಂಥ ನೆಲದಲ್ಲೇ ಅಳೆಯಿರಿ. ಕೊಪ್ಪಳ, ಯಲಬುರ್ಗಾ ಕಡೆ ಒಂದೇ ದಿನ ಎರೆ (ಕಪ್ಪು ಮಣ್ಣಿನ) ಹೊಲದಲ್ಲೂ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲೂ ಓಡುವ ಬಾಡಿಗೆ ಗಾಡಿಗಳಿವೆ. ಅಂಥವರು ಎರಡಕ್ಕೂ ಬೇರೆ ಬೇರೆ ನಂಬರ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಹೆಜ್ಜೆ ಎಣಿಸಿ 100 ಮೀಟರ್ ಅನ್ನಬೇಡಿ. ಫೋನಿನ ನಕಾಶೆಯಲ್ಲೂ ಅಳೆಯಬೇಡಿ, ಇಷ್ಟು ಸಣ್ಣ ದೂರದಲ್ಲಿ ಅದು ಮೂರು ನಾಲ್ಕು ಮೀಟರ್ ಆಚೀಚೆ ಆಗುವುದು ಮಾಮೂಲಿ. ಟೇಪೇ ಬೇಕು. ಟೇಪಿನಲ್ಲೂ ಒಂದು ಮೋಸ ಇದೆ. ಅಂಗಡಿಯ 30 ಮೀಟರ್ ಟೇಪಿನ ಒಂದು ಬದಿಯಲ್ಲಿ ಅಡಿ, ಇನ್ನೊಂದು ಬದಿಯಲ್ಲಿ ಮೀಟರ್ ಇರುತ್ತದೆ. 100 ಅಡಿ ಅಂದರೆ 30 ಮೀಟರ್ ಅಲ್ಲ, 30 ಮೀಟರ್ 48 ಸೆಂಟಿಮೀಟರ್. ಒಬ್ಬರು ಅಡಿ ನೋಡಿ ಇನ್ನೊಬ್ಬರು ಮೀಟರ್ ನೋಡಿದರೆ ಮೂರು ಟೇಪಿಗೆ ಒಂದೂವರೆ ಮೀಟರ್ ಹೋಯಿತು. ಸರ್ವೆಯವರ 33 ಅಡಿ ಸರಪಳಿ ಸಿಕ್ಕರೆ ಇನ್ನೂ ಚೆನ್ನ. ಚೌಕಾಕಾರದಲ್ಲಿ ಒಂದು ಸರಪಳಿಗೆ ಒಂದು ಸರಪಳಿ ಅಂದರೆ ಒಂದು ಗುಂಟೆ, ಇದು ನಮಗೆಲ್ಲ ಗೊತ್ತಿರುವ ಲೆಕ್ಕ. ಅಂಥ 10 ಸರಪಳಿ ಅಂದರೆ 100 ಮೀಟರ್ 58 ಸೆಂಟಿಮೀಟರ್. ಆ 58 ಸೆಂಟಿಮೀಟರ್ ಹಿಂದಕ್ಕೆ ಬಂದು ಗೂಟ ಹೊಡೆಯಿರಿ.

ಟೇಪನ್ನು ಬಿಗಿಯಾಗಿ ಎಳೆದು, ಸಾಲಿನ ಉದ್ದಕ್ಕೆ ನೇರ ಹಿಡಿಯಿರಿ. ಎರಡೂ ತುದಿಗೆ ಗೂಟ ಹೊಡೆದು ಬಟ್ಟೆ ಕಟ್ಟಿ. ಮೊದಲ ಗೂಟದ ಹಿಂದೆ 10–15 ಮೀಟರ್ ಜಾಗ ಬಿಡಿ. ಆಮೇಲೆ ಬೇಕಾಗುತ್ತದೆ.

ಓಡಿಸಿ, ಎಣಿಸಿ

ಮೀಟರ್‌ನಲ್ಲಿ ಸ್ಪೀಡ್ ಕ್ಯಾಲಿಬ್ರೇಶನ್ ಅನ್ನುವ ಜಾಗಕ್ಕೆ ಹೋದರೆ ಶುರು, ನಿಲ್ಲಿಸು ಅಂತ ಎರಡು ಗುಂಡಿ ಸಿಗುತ್ತವೆ. ಮುಂದಿನ ಚಕ್ರದ ನಡು ಮೊದಲ ಗೂಟಕ್ಕೆ ಸರಿಯಾಗಿ ಬರುವಂತೆ ಗಾಡಿ ನಿಲ್ಲಿಸಿ. ಶುರು ಒತ್ತಿ. ಎಣ್ಣೆ ಹೊಡೆಯುವ ಗೇರಿನಲ್ಲೇ, ಅದೇ ಆರ್‌ಪಿಎಂನಲ್ಲೇ ನೇರವಾಗಿ ಓಡಿಸಿ. ಎರಡನೇ ಗೂಟಕ್ಕೆ ಚಕ್ರದ ನಡು ಬಂದಾಗ ನಿಲ್ಲಿಸಿ, ಗುಂಡಿ ಒತ್ತಿ. ಗೂಟದ ಹತ್ತಿರ ಇನ್ನೊಬ್ಬರು ನಿಂತು ಕೈ ಸನ್ನೆ ಮಾಡಿದರೆ ಒಳ್ಳೆಯದು, ಮೇಲೆ ಕೂತವನಿಗೆ ಚಕ್ರದ ನಡು ಸರಿಯಾಗಿ ಕಾಣುವುದಿಲ್ಲ. ನಿಂತವರು ಬದಿಗೆ ನಿಲ್ಲಲಿ, ಗಾಡಿಯ ಮುಂದೆ ಬೇಡ.

ಓಡುತ್ತಿರುವ ಗಾಡಿಯಲ್ಲೇ ಗುಂಡಿ ಒತ್ತುವವರೂ ಇದ್ದಾರೆ. 4 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 1 ಮೀಟರ್ 11 ಸೆಂಟಿಮೀಟರ್ ಹೋಗುತ್ತದೆ. ಅರ್ಧ ಸೆಕೆಂಡು ತಡವಾದರೆ ಅರ್ಧ ಮೀಟರ್ ತಪ್ಪಿತು. ಪಲ್ಸ್ ಎಣಿಸುವಾಗ ನಿಂತಲ್ಲಿಂದ ಹೊರಟು ನಿಂತಲ್ಲಿಗೆ ಮುಗಿಸುವುದೇ ಸರಿ ಅಂತ ನನ್ನ ಅನುಭವ.

ಇದನ್ನು ಮೂರು ಸಲ ಮಾಡಿ. ನಮ್ಮ ಉದಾಹರಣೆಯ ದೊಡ್ಡ ಟೈರಿಗೆ 6 ಆಯಸ್ಕಾಂತ ಇದ್ದರೆ 268, 269, 270 ಅಂತ ಬರಬಹುದು. ಸರಾಸರಿ 269 ತೆಗೆದುಕೊಳ್ಳಿ. 269, 258, 270 ಅಂತ ಬಂದರೆ ಸರಾಸರಿ ಹಾಕಿ ಸುಮ್ನೆ ಆಗಬೇಡಿ. ನಡುವಿನ ಓಟದಲ್ಲಿ 11 ಪಲ್ಸ್ ಎಲ್ಲೋ ಕಳೆದಿವೆ. ವೈರಿನ ಜೋಡಣೆ ಸಡಿಲ ಇರಬಹುದು, ಕುಲುಕಿದಾಗ ಸೆನ್ಸರಿನ ಪಟ್ಟಿ ಅಲುಗಾಡಿರಬಹುದು. ಮೂರೂ ಸಲ 224ರ ಸುತ್ತ ಬಂದರೆ ಗೊತ್ತಾಗಿಬಿಡುತ್ತದೆ, ಆರರಲ್ಲಿ ಒಂದು ಆಯಸ್ಕಾಂತ ಮೂಕವಾಗಿದೆ.

ಮೀಟರ್‌ನಲ್ಲಿ ಎಣಿಸುವ ಸೌಲಭ್ಯವೇ ಇಲ್ಲದಿದ್ದರೆ ಸೀಮೆಸುಣ್ಣದ ದಾರಿ ಇದೆ. ಟೈರ್ ನೆಲಕ್ಕೆ ತಾಗುವ ಕಡೆ ಟೈರಿಗೂ ಗುರುತು ಮಾಡಿ, ನೆಲಕ್ಕೂ ಗುರುತು ಮಾಡಿ. ಸರಿಯಾಗಿ 10 ಸುತ್ತು ಓಡಿಸಿ ಅಳೆಯಿರಿ. 22 ಮೀಟರ್ 30 ಸೆಂಟಿಮೀಟರ್ ಬಂದರೆ ಒಂದು ಸುತ್ತಿಗೆ 223 ಸೆಂಟಿಮೀಟರ್. ಅದನ್ನು 6 ಆಯಸ್ಕಾಂತಕ್ಕೆ ಭಾಗಿಸಿ. ಒಂದು ಪಲ್ಸಿಗೆ 37.2 ಸೆಂಟಿಮೀಟರ್. ಟೈರಿಗೆ ಸುತ್ತಲೂ ಟೇಪು ಸುತ್ತಿ ಅಳೆದು ಆ ನಂಬರ್ ಹಾಕುವವರನ್ನು ನೋಡಿದ್ದೇನೆ. ಇದೇ ಟೈರಿಗೆ ಸುತ್ತಿ ಅಳೆದರೆ 231 ಬರಬಹುದು. ಭಾರಕ್ಕೆ ಚಪ್ಪಟೆಯಾದದ್ದು ಆ ಅಳತೆಯಲ್ಲಿ ಸಿಗುವುದಿಲ್ಲ. ಶೇ 3ಕ್ಕಿಂತ ಜಾಸ್ತಿ ತಪ್ಪು ಅಲ್ಲೇ ಬಂತು.

ಇನ್ನೊಂದು ಮಾತು. 37 ಸೆಂಟಿಮೀಟರಿಗೆ ಒಂದು ಪಲ್ಸ್ ಅಂದರೆ 4 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಮೂರೇ ಪಲ್ಸ್. ಇದು ಕಮ್ಮಿ. ಪರದೆಯಲ್ಲಿ ವೇಗ 3.6, 4.3, 3.9 ಅಂತ ಕುಣಿಯುತ್ತಿದ್ದರೆ, ಅದರ ಹಿಂದೆ ಒತ್ತಡದ ಮುಳ್ಳೂ ಕುಣಿಯುತ್ತಿದ್ದರೆ, ಇದೇ ಕಾರಣ ಇರಬಹುದು. ಆಯಸ್ಕಾಂತ 12 ಮಾಡಿ. ಎಲ್ಲದರ ನಡುವೆ ಅಂತರ ಒಂದೇ ಇರಬೇಕು, ಇಲ್ಲದಿದ್ದರೆ ಕುಣಿತ ನಿಲ್ಲುವುದಿಲ್ಲ.

ನಂಬರ್ ಹಾಕುವಾಗ ತಲೆಕೆಳಗಾಗುವ ಜಾಗ

ಇಲ್ಲಿ ತಪ್ಪಿದವರೇ ಜಾಸ್ತಿ. ಕೆಲವು ಮೀಟರ್‌ಗಳು ಒಂದು ಪಲ್ಸಿಗೆ ಎಷ್ಟು ಸೆಂಟಿಮೀಟರ್ ಅಂತ ಕೇಳುತ್ತವೆ. ಕೆಲವು 100 ಮೀಟರಿಗೆ ಎಷ್ಟು ಪಲ್ಸ್ ಅಂತ ಕೇಳುತ್ತವೆ. ಎರಡೂ ಒಂದೇ ಸಂಗತಿ, ಆದರೆ ದಿಕ್ಕು ಉಲ್ಟಾ.

ಹೀಗೆ ಅಂದುಕೊಳ್ಳಿ. ಹಳೇ ನಂಬರಿನಲ್ಲಿ ನೀವು 100 ಮೀಟರ್ ಓಡಿಸಿದ್ದೀರಿ, ಮೀಟರ್ 96 ತೋರಿಸಿತು. ಸೆಂಟಿಮೀಟರ್ ಕೇಳುವ ಮೀಟರ್ ಆದರೆ ಹಳೇ ನಂಬರನ್ನು 100ರಿಂದ ಗುಣಿಸಿ 96ರಿಂದ ಭಾಗಿಸಿ. 35.7 ಇದ್ದದ್ದು 37.2 ಆಗುತ್ತದೆ, ಮೇಲೆ ಹೋಗುತ್ತದೆ. ಪಲ್ಸ್ ಕೇಳುವ ಮೀಟರ್ ಆದರೆ 96ರಿಂದ ಗುಣಿಸಿ 100ರಿಂದ ಭಾಗಿಸಿ. 280 ಇದ್ದದ್ದು 269 ಆಗುತ್ತದೆ, ಕೆಳಗೆ ಬರುತ್ತದೆ. ದಿಕ್ಕು ತಪ್ಪಿದರೆ ಶೇ 4ರ ತಪ್ಪು ಶೇ 8ರ ಹತ್ತಿರ ಹೋಗುತ್ತದೆ. ನಂಬರ್ ಬದಲಿಸಿದ ಕೂಡಲೇ ಮತ್ತೊಮ್ಮೆ 100 ಮೀಟರ್ ಓಡಿಸಿ, ದೂರ 99ರಿಂದ 101ರ ಒಳಗೆ ಬರುತ್ತದೋ ನೋಡಿ.

ಹೊರದೇಶದ ಮೀಟರ್ ಆದರೆ ಒಳಗೆ ಅಳತೆ ಅಡಿಯಲ್ಲಿದೆಯೋ ಮೀಟರಿನಲ್ಲಿದೆಯೋ ಮೊದಲೇ ನೋಡಿಕೊಳ್ಳಿ. 300 ಅಡಿಗೆ ಎಷ್ಟು ಪಲ್ಸ್ ಅಂತ ಕೇಳುವವೂ ಇವೆ. 300 ಅಡಿ ಅಂದರೆ 91 ಮೀಟರ್ 44 ಸೆಂಟಿಮೀಟರ್. 100 ಮೀಟರಿನ ಎಣಿಕೆಯನ್ನು ಅಲ್ಲಿ ಹಾಕಿದರೆ ಕಥೆ ಮುಗಿಯಿತು.

ನಂಬುವ ಮುಂಚೆ ಇನ್ನೊಂದು ಸಲ

ದೂರ ಸರಿ ಬಂದ ಮೇಲೆ ವೇಗವನ್ನು ಗಡಿಯಾರದಿಂದ ನೋಡಿ. ಮೊದಲ ಗೂಟದ ಹಿಂದೆ ಬಿಟ್ಟಿದ್ದ ಜಾಗ ಈಗ ಉಪಯೋಗಕ್ಕೆ ಬರುತ್ತದೆ. ಅಲ್ಲಿಂದ ಹೊರಟು, ಗೂಟ ದಾಟುವ ಹೊತ್ತಿಗೆ ಪರದೆಯಲ್ಲಿ 4.0 ನಿಂತಿರಲಿ. ಒಂದು ಗೂಟದಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ಫೋನಿನ ಸ್ಟಾಪ್‌ವಾಚ್‌ನಲ್ಲಿ ಹಿಡಿಯಿರಿ. 360ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ನಿಜವಾದ ವೇಗ. 90 ಸೆಕೆಂಡ್ ಬಂದರೆ ಸರಿಯಾಗಿ 4 ಕಿ.ಮೀ. 72 ಆದರೆ 5, 60 ಆದರೆ 6. ಪರದೆ 4.0 ಅನ್ನುತ್ತಿದ್ದು 95 ಸೆಕೆಂಡ್ ಬಂದರೆ ನಿಜ ವೇಗ 3.8ರ ಕೆಳಗಿದೆ, ಹಿಂದಕ್ಕೆ ಹೋಗಿ ಹುಡುಕಿ. ಸೆನ್ಸರ್ ಇಲ್ಲದ ಸಾದಾ ಸ್ಪ್ರೇಯರ್ ಇರುವವರಿಗೂ ಗೇರ್ ಆರಿಸಲು ಇದೇ ದಾರಿ. ಪಿಟಿಒ (ಸ್ಪ್ರೇಯರ್ ಪಂಪು ತಿರುಗಿಸುವ ಟ್ರ್ಯಾಕ್ಟರಿನ ಹಿಂದಿನ ಶಾಫ್ಟು) ನಿಮಿಷಕ್ಕೆ 540 ಸುತ್ತು ತಿರುಗುವ ಆರ್‌ಪಿಎಂ ಇಟ್ಟು, ಯಾವ ಗೇರಿನಲ್ಲಿ ಎಷ್ಟು ಸೆಕೆಂಡ್ ಅಂತ ಒಂದು ಸಲ ಬರೆದಿಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ.

ಎಕರೆ ಲೆಕ್ಕವನ್ನೂ ನೋಡಿ. 24 ನಾಜಲ್, ಅರ್ಧ ಮೀಟರ್ ಅಂತರ ಅಂದರೆ ಬೂಮಿನ ಅಗಲ 12 ಮೀಟರ್. 100 ಮೀಟರ್ ಓಡಿದರೆ 1,200 ಚದರ ಮೀಟರ್, ಹತ್ತಿರ ಹತ್ತಿರ 12 ಗುಂಟೆ. ಪರದೆಯಲ್ಲಿ 0.30 ಎಕರೆ ಬರಬೇಕು. ದೂರ ಸರಿಯಿದ್ದು ಎಕರೆ ತಪ್ಪಿದರೆ ಮೀಟರ್‌ಗೆ ಕೊಟ್ಟ ಅಗಲ ತಪ್ಪು. ಬೂಮಿನ ಒಂದು ಭಾಗ ಮುಚ್ಚಿದ್ದರೂ ಹೀಗಾಗುತ್ತದೆ.

ಕೊನೆಗೆ ನೀರು. ಟ್ಯಾಂಕಿಗೆ ಅಳತೆ ಮಾಡಿದ ನೀರು ಹಾಕಿ, ಗೊತ್ತಿರುವ ಜಾಗಕ್ಕೆ ಹೊಡೆದು, ಎಷ್ಟು ಖರ್ಚಾಯಿತು ನೋಡಿ. ಇಲ್ಲಿ ಒಂದು ವಿಷಯ ಬೇರೆ ಮಾಡಿಕೊಳ್ಳಬೇಕು. ಸ್ಪ್ರೇಯರ್‌ನಲ್ಲಿ ಸ್ಪೀಡ್ ಸೆನ್ಸರ್ ಜೊತೆ ನೀರು ಅಳೆಯುವ ಫ್ಲೋ ಮೀಟರೂ ಇರುತ್ತದೆ. ಎಕರೆ ತಪ್ಪಿದರೆ ತಪ್ಪು ಸ್ಪೀಡ್ ನಂಬರಿನಲ್ಲಿ ಇಲ್ಲವೇ ಅಗಲದಲ್ಲಿ ಇರುತ್ತದೆ. ಎಕರೆ ಸರಿಯಿದ್ದು, ಪರದೆ 60 ಲೀಟರ್ ಅಂದು ಟ್ಯಾಂಕಿನಿಂದ 66 ಹೋಗಿದ್ದರೆ ತಪ್ಪು ಫ್ಲೋ ಮೀಟರಿನದ್ದು. ಲೀಟರ್ ತಪ್ಪನ್ನು ಸ್ಪೀಡ್ ನಂಬರ್ ತಿರುಗಿಸಿ ಸರಿಮಾಡುವ ಮಿಸ್ತ್ರಿಗಳಿದ್ದಾರೆ. ಆ ದಿನಕ್ಕೆ ಎಕರೆಗೆ 200 ಬಂದಂತೆ ಕಾಣುತ್ತದೆ, ಬಾಡಿಗೆ ಬಿಲ್ಲಿನಲ್ಲಿ ಎಕರೆ ಮಾತ್ರ ತಪ್ಪಿಯೇ ಇರುತ್ತದೆ. ಮುಂದಿನ ವರ್ಷ ಯಾರಾದರೂ ಫ್ಲೋ ಮೀಟರ್ ತೊಳೆದು ಸರಿ ಮಾಡಿದರೆ ಮುಚ್ಚಿದ್ದ ತಪ್ಪು ಪೂರ್ತಿ ಹೊರಗೆ ಬರುತ್ತದೆ.

ನಾಜಲ್‌ಗಳಿಗೂ ಒಂದೊಂದು ನಿಮಿಷ ಜಗ್ ಹಿಡಿದು ನೋಡಿಬಿಡಿ. ಹೊಸ ನಾಜಲ್‌ಗಿಂತ ಶೇ 10 ಜಾಸ್ತಿ ಬಿಡುತ್ತಿದ್ದರೆ ಸವೆದಿದೆ, ಬದಲಿಸಿ. ಒಟ್ಟು ನೀರನ್ನು ಮೀಟರ್ ಸರಿದೂಗಿಸುತ್ತದೆ, ಆದರೆ ಒಂದು ಸಾಲಿಗೆ ಜಾಸ್ತಿ, ಪಕ್ಕದ ಸಾಲಿಗೆ ಕಮ್ಮಿ ಬೀಳುವುದನ್ನು ಅದು ತಡೆಯಲಾರದು.

ಗದ್ದೆಯ ಕೆಸರು, ಜಿಪಿಎಸ್, ರಾಡಾರ್

ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಗೆ ಬಂದರೆ ಮೇಲೆ ಹೇಳಿದ್ದು ಅರ್ಧ ನಡೆಯುತ್ತದೆ. ಅಲ್ಲಿ ಇಳಿಯುವುದು ತೆಳು ಚಕ್ರದ, ತಾನೇ ಓಡುವ ಎತ್ತರದ ಸ್ಪ್ರೇಯರ್. ನಾಲ್ಕೂ ಚಕ್ರಕ್ಕೆ ಡ್ರೈವ್ ಇದ್ದರೆ ನಾಲ್ಕೂ ಕೆಸರಿನಲ್ಲಿ ಜಾರುತ್ತವೆ. ಒಂದು ಮಡಿಯಲ್ಲಿ ಜಾರುವಷ್ಟು ಇನ್ನೊಂದರಲ್ಲಿ ಜಾರುವುದಿಲ್ಲ. ಕೆಸರು ಎಷ್ಟು ಆಳ, ನೀರು ನಿಂತಿದೆಯೋ ಹರಿಸಿದ್ದಾರೋ ಅನ್ನುವುದರ ಮೇಲೆ ಅದು ಹೋಗುತ್ತದೆ. ಇಂಥ ಕಡೆ ಚಕ್ರ ಎಣಿಸುವುದಕ್ಕಿಂತ ಜಿಪಿಎಸ್ ಸ್ಪೀಡ್ ಸೆನ್ಸರ್ ವಾಸಿ. ಚಕ್ರ ಎಷ್ಟು ಜಾರಿದರೂ ಗಾಡಿ ನಿಜವಾಗಿ ಎಷ್ಟು ಮುಂದೆ ಹೋಯಿತು ಅನ್ನುವುದಷ್ಟೇ ಅದಕ್ಕೆ ಬೇಕು. ಚಕ್ರದ ಸೆನ್ಸರೇ ಗತಿ ಅಂದರೆ ಗೂಟವನ್ನು ಗದ್ದೆಯೊಳಗೇ ಹೊಡೆದು ಹೊಂದಿಸಿ. ಬದುವಿನ ಪಕ್ಕದ ಗಟ್ಟಿ ದಾರಿಯಲ್ಲಿ ಬೇಡ.

ಜಿಪಿಎಸ್ ಸೆನ್ಸರಿನದ್ದೂ ಅದರದ್ದೇ ಗುಣ. ಬಹಳಷ್ಟು ಸೆನ್ಸರ್‌ಗಳು ಇಷ್ಟು ಮೀಟರಿಗೆ ಇಷ್ಟು ಪಲ್ಸ್ ಅಂತ ಕಾರ್ಖಾನೆಯಲ್ಲೇ ಗೊತ್ತುಮಾಡಿ ಬರುತ್ತವೆ. ಐಎಸ್‌ಒ 11786 ಅನ್ನುವ ಅಂತರರಾಷ್ಟ್ರೀಯ ಮಾನಕದ ಪ್ರಕಾರದ್ದಾದರೆ ಮೀಟರಿಗೆ 130 ಪಲ್ಸ್, ಅಂದರೆ 100 ಮೀಟರಿಗೆ 13,000. ಆ ನಂಬರ್ ಹಾಕಿದರೆ ಆಯಿತು, ಟೈರ್ ಬದಲಿಸಿದರೂ ಮುಟ್ಟಬೇಕಾಗಿಲ್ಲ. ಗೂಟದ ಪರೀಕ್ಷೆ ಮಾತ್ರ ಬಿಡಬೇಡಿ. ಆಂಟೆನಾ ಗಾಡಿಯ ನೆತ್ತಿಯ ಮೇಲೆ, ಆಕಾಶ ಪೂರ್ತಿ ಕಾಣುವಂತೆ ಇರಲಿ. ಬದುವಿನ ಉದ್ದಕ್ಕೂ ದೊಡ್ಡ ಮರಗಳಿದ್ದರೆ ಅಲ್ಲಿ ವೇಗ ತಪ್ಪು ತೋರಿಸಬಹುದು. ನಿಂತು ಹೊರಟಾಗ ವೇಗ ಗೊತ್ತಾಗಲು ಒಂದೆರಡು ಸೆಕೆಂಡ್ ತಡವಾಗುತ್ತದೆ. ಹಾಗಾಗಿ ಸಾಲಿನ ತುದಿಯಲ್ಲಿ ಪೂರ್ತಿ ನಿಂತು ಬೂಮ್ ತೆರೆದು ಹೊರಡುವ ಬದಲು, ಸ್ವಲ್ಪ ಓಡುತ್ತಿರುವಾಗಲೇ ತೆರೆಯಿರಿ.

ರಾಡಾರ್ ಸೆನ್ಸರ್ ನಮ್ಮ ಕಡೆ ಅಪರೂಪ. ಅದು ನೆಲವನ್ನು ಓರೆಯಾಗಿ ನೋಡಿ ವೇಗ ಹೇಳುತ್ತದೆ. ಬಾಗಿಸಿದ ಕೋನ ಅಲುಗಾಡಿದರೆ ಲೆಕ್ಕ ತಪ್ಪುತ್ತದೆ. ಕೆಳಗೆ ಎತ್ತರದ ಬೆಳೆ ಗಾಳಿಗೆ ಓಲಾಡುತ್ತಿದ್ದರೆ ಗಾಡಿ ನಿಂತಿದ್ದರೂ ಓಡುತ್ತಿದೆ ಅಂದುಕೊಳ್ಳುವುದುಂಟು. ಹೊಂದಿಸುವ ದಾರಿ ಅದೇ, 100 ಮೀಟರ್, ಮೂರು ಓಟ.

ಗಾಡಿಗೆ ಒಂದು ಚೀಟಿ

ಟೈರ್ ಬದಲಾದಾಗ, ಸ್ಪ್ರೇಯರ್ ಬೇರೆ ಟ್ರ್ಯಾಕ್ಟರಿಗೆ ಹೋದಾಗ, ಸೆನ್ಸರ್ ಬಿಚ್ಚಿ ಹಾಕಿದಾಗ, ಪ್ರತಿ ಹಂಗಾಮು ಶುರುವಾಗುವಾಗ ಈ ಕೆಲಸ ಮತ್ತೆ ಮಾಡಬೇಕು. ಬ್ಯಾಟರಿ ಸತ್ತು ಮೀಟರ್ ಮೊದಲಿನ ಸ್ಥಿತಿಗೆ ಹೋಗುವುದೂ ಇದೆ. ಆಗ ಹಳೇ ನಂಬರ್ ಎಷ್ಟಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಬರೆದು ಗಾಡಿಗೇ ಅಂಟಿಸಬೇಕು. ಡೈರಿಯಲ್ಲಿ ಬರೆದದ್ದು ಮನೆಯಲ್ಲಿರುತ್ತದೆ, ಗಾಡಿ ಹೊಲದಲ್ಲಿರುತ್ತದೆ.

ಆ ಹುಡುಗ ತಂದಿದ್ದ ಬಾಡಿಗೆ ಗಾಡಿಗೆ ಮರುದಿನ ಬೆಳಿಗ್ಗೆ ಹೋಗಿ ಇದೆಲ್ಲ ಮಾಡಿದೆವು. ಸಣ್ಣ ಟೈರಿಗೆ 299, 300, 301 ಬಂತು. ಸ್ಟಿಯರಿಂಗ್ ಪಕ್ಕ ಅವನೇ ಬರೆದು ಅಂಟಿಸಿದ: “ಮುಂದಿನ ಟೈರ್ ಸಣ್ಣದು. 6 ಆಯಸ್ಕಾಂತ. 100 ಮೀಟರಿಗೆ 300 ಪಲ್ಸ್. ಎರೆ ಹೊಲ, ಅರ್ಧ ಟ್ಯಾಂಕು. ಟೈರ್ ಬದಲಿಸಿದವರು ಈ ಚೀಟಿ ಹರಿದು ಹಾಕಿ, ಹೊಸದು ಬರೆಯಿರಿ.” ಮೊನ್ನೆ ಆ ಗಾಡಿ ನಮ್ಮ ಹೊಲದ ದಾರಿಯಲ್ಲಿ ಹೋಯಿತು. ಚೀಟಿಯ ಮೇಲೆ ಮಾಲೀಕರು ಪ್ಲಾಸ್ಟಿಕ್ ಟೇಪು ಅಂಟಿಸಿದ್ದರು.